ನಂಗು ಮೀನು: ಹಿಡಿಯೋದು, ಸಿಪ್ಪೆ ಎಳೆಯೋದು, ಮುರಿಯದ ಹಾಗೆ ಹುರಿಯೋದು

ಹೊಯ್ಗೆದಂಡೆ:

ನಂಗು ಬಗ್ಗೆ ಚೆನ್ನಾಗಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಚಪ್ಪಲಿಯ ಅಟ್ಟೆಯ ಹಾಗೆ ಚಪ್ಪಟೆ, ಮಣ್ಣಿನ ಬಣ್ಣ, ಸೊಟ್ಟ ಬಾಯಿ, ಎರಡೂ ಕಣ್ಣು ಒಂದೇ ಬದಿಗೆ. ನೋಡಿದವರು ಪಕ್ಕದ ಬುಟ್ಟಿಯ ಬಂಗುಡೆಗೆ ಹೋಗುತ್ತಾರೆ. ರುಚಿಯಲ್ಲಿ ಮಾತ್ರ ಕಾಣೆ ಮೀನಿಗೂ ಕಡಿಮೆ ಇಲ್ಲ. ಆದರೆ ಮನೆಯಲ್ಲಿ ಮಾಡುವಾಗ ಮೂರು ಕಡೆ ಕೆಡುತ್ತಿದೆ.

ಸಿಪ್ಪೆ ಎಳೆಯುವಾಗ ಅರ್ಧಕ್ಕೆ ಹರಿದು ಮಾಂಸವೂ ಜೊತೆಗೆ ಕಿತ್ತು ಬರುತ್ತದೆ. ಕಾವಲಿಗೆ ಹಾಕಿದರೆ ಅಂಟಿಕೊಂಡು, ಮಗುಚುವಾಗ ಎರಡು ಮೂರು ತುಂಡಾಗುತ್ತದೆ. ಸಾರು ಮಾಡಿದರೆ ಒಂದು ಥರ ಕೆಸರಿನ ವಾಸನೆ. ಮೀನು ಹಳಸಿದ್ದಲ್ಲ, ಅದು ಖಚಿತ.

ಇನ್ನೊಂದು: ಅಳಿವೆಯಲ್ಲಿ ಬೀಸುಬಲೆಗೆ ಅಥವಾ ಗಾಳಕ್ಕೆ ನಂಗು ಸಿಗುತ್ತದೆಯೇ? ಯಾವ ತಿಂಗಳು, ಯಾವ ಹೊತ್ತು, ಎಂಥ ಜಾಗ?

ಗಂಗೊಳ್ಳಿಬಲೆ:

ಮೊದಲು ಹಿಡಿಯುವ ವಿಷಯ ಹೇಳುತ್ತೇನೆ. ಅಡುಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ನಮ್ಮ ಕರಾವಳಿಯಲ್ಲಿ ರಾಶಿ ಬೀಳುವುದು ಸಣ್ಣ ಜಾತಿಯ ನಂಗು, ಒಂದು ಗೇಣಿಗಿಂತ ಚಿಕ್ಕದು. ಕೊಂಕಣಿಯವರು ಲೆಪ್ಪೊ ಅನ್ನುತ್ತಾರೆ, ಕೇರಳದವರಿಗೆ ಮಾಂತಳ್. ಇದು ಮರಿಯಾಗಿ ಹುಟ್ಟುವಾಗ ಬೇರೆ ಮೀನಿನ ಹಾಗೆಯೇ ಇರುತ್ತದೆ, ಕಣ್ಣು ಆಚೆಗೊಂದು ಈಚೆಗೊಂದು. ಬೆಳೆಯುತ್ತಾ ಬಲಗಣ್ಣು ತಲೆಯನ್ನು ದಾಟಿ ಎಡಕ್ಕೆ ಬರುತ್ತದೆ. ಆಮೇಲೆ ಜೀವನವಿಡೀ ಬಲಮಗ್ಗುಲಲ್ಲಿ ಮಲಗಿದ್ದೇ. ಹಾಗಾಗಿ ನೆಲಕ್ಕೆ ತಾಗುವ ಬದಿ ಬಿಳಿ, ಮೇಲಿನ ಬದಿ ಮಣ್ಣಿನ ಬಣ್ಣ. ರೆಕ್ಕೆಯನ್ನು ಅಲುಗಿಸಿ ಕೆಸರನ್ನು ಮೈಮೇಲೆ ಎಳೆದುಕೊಂಡು, ಕಣ್ಣು ಮಾತ್ರ ಹೊರಗಿಟ್ಟು ಬಿದ್ದಿರುತ್ತದೆ. ಇದು ಗೊತ್ತಿದ್ದರೆ ಬಲೆ ಹೇಗೆ ಎಳೆಯಬೇಕು ಅನ್ನುವುದು ತಾನೇ ಹೊಳೆಯುತ್ತದೆ.

ಕಾಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗಸ್ಟಿನಲ್ಲಿ ಬೋಟು ಇಳಿದು ಮಳೆಯ ಅಬ್ಬರ ತಗ್ಗಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ನಂಗು ದಡದ ಹತ್ತಿರದ ಕೆಸರಿಗೆ ಗುಂಪಾಗಿ ಬರುತ್ತದೆ. ಬೋಟು ಮೀನು ಇಳಿಸುವ ಧಕ್ಕೆಯಲ್ಲಿ ಅಗ್ಗವಾಗಿ ಸಿಗುವುದು ಆಗಲೇ. ಆಮೇಲೆ ನಿಧಾನಕ್ಕೆ ಆಳಕ್ಕೆ ಸರಿಯುತ್ತದೆ.

ಜಾಗ: ಬರೀ ಹೊಯ್ಗೆಯೂ (ಮರಳು) ಬೇಡ, ಕಲ್ಲಂತೂ ಬೇಡವೇ ಬೇಡ. ಹೊಯ್ಗೆಯ ಮೇಲೆ ತೆಳ್ಳಗೆ ಕೆಸರು ಕೂತಿರುವ ಕಡೆ ನೋಡಿ. ಅಳಿವೆ ಬಾಗಿಲಿನ ರಭಸದ ನೀರಿನಲ್ಲಿ ಇದು ನಿಲ್ಲುವುದಿಲ್ಲ. ಅದಕ್ಕಿಂತ ಒಳಗೆ, ನೀರು ತಿರುಗಿ ನಿಧಾನವಾಗುವ ಮಗ್ಗುಲಲ್ಲಿ ಇರುತ್ತದೆ. ಗಂಗೊಳ್ಳಿ, ಕೋಡಿಬೆಂಗ್ರೆ, ಸಸಿಹಿತ್ಲು ಅಳಿವೆಗಳಲ್ಲಿ ಇಂಥ ಮಗ್ಗುಲುಗಳಿವೆ. ಸೊಂಟಕ್ಕಿಂತ ಆಳಕ್ಕೆ ಇಳಿಯಬೇಡಿ. ಅಳಿವೆಯ ತಳ ವರ್ಷ ವರ್ಷ ಬದಲಾಗುತ್ತದೆ, ಹೋದ ವರ್ಷ ನಿಂತ ಜಾಗದಲ್ಲಿ ಈ ವರ್ಷ ಹೊಂಡ ಇರಬಹುದು.

ಬಲೆ: 25 ಮಿಲಿಮೀಟರ್ ಕಣ್ಣಿನ, ಹತ್ತು ಅಡಿಯ ಬೀಸುಬಲೆ ಸಾಕು. ಆದರೆ ಬಲೆಯ ಅಂಚಿನ ಸೀಸ ಮಾಮೂಲಿಗಿಂತ ಹೆಚ್ಚು ಬೇಕು, ಮೂರೂವರೆಯಿಂದ ನಾಲ್ಕು ಕೆಜಿ. ಎಲ್ಲರೂ ತಪ್ಪುವುದು ಇಲ್ಲೇ. ಹಗುರ ಬಲೆ ಬೀಸಿ, ಬಿದ್ದ ಕೂಡಲೇ ಎಳೆದರೆ ಪರೆ, ಮಾಲೆಯಂಥ ಬೇರೆ ಮೀನು ಸಿಗುತ್ತದೆ, ನಂಗು ಮಾತ್ರ ಸೀಸದ ಅಡಿಯಿಂದ ಜಾರಿ ಅಲ್ಲೇ ಉಳಿಯುತ್ತದೆ. ಹೆದರಿದಾಗ ಬೇರೆ ಮೀನು ಮೇಲಕ್ಕೆ ಹಾರುತ್ತದೆ, ಇದು ಇನ್ನೂ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಬಲೆ ಬಿದ್ದ ಮೇಲೆ ಸೀಸ ಕೆಸರಿಗೆ ಕೂರುವಷ್ಟು, ಹತ್ತು ಎಣಿಸುವಷ್ಟು ಹೊತ್ತು ಹಗ್ಗ ಸಡಿಲ ಬಿಡಿ. ಆಮೇಲೆ ಬಲೆಯನ್ನು ಎತ್ತಬಾರದು, ನೆಲಕ್ಕೆ ಉಜ್ಜಿದ ಹಾಗೆ ನಿಧಾನಕ್ಕೆ ಎಳೆಯಬೇಕು. ಸೀಸಗಳೆಲ್ಲ ಒಂದಕ್ಕೊಂದು ಸೇರಿದ ಮೇಲೆ ಮಾತ್ರ ಎತ್ತಿ.

ಗಾಳಕ್ಕೆ ಬೀಳುತ್ತದೆ, ಕಡಿಮೆ. ಬಾಯಿ ತೀರಾ ಚಿಕ್ಕದು, ಅದೂ ಕೆಳಕ್ಕೆ ಸೊಟ್ಟ. 8 ಅಥವಾ 10 ನಂಬರಿನ ಉದ್ದ ಕಾಲಿನ ಗಾಳ, ಹೊಯ್ಗೆಹುಳು ಅಥವಾ ಬೆರಳುಗುರಿನಷ್ಟು ಸಿಗಡಿ ತುಂಡು. ದಾರದಲ್ಲಿ ಓಡಾಡುವ ಸೀಸ ಹಾಕಿ, ಎರೆ ತಳಕ್ಕೆ ತಾಗಿಯೇ ಇರಬೇಕು. ಮುಸ್ಸಂಜೆ ಕಳೆದು ಉಬ್ಬರ ಏರುವ ಹೊತ್ತು ಒಳ್ಳೆಯದು. ಇದು ಕಚ್ಚಿ ಎಳೆಯುವ ಮೀನಲ್ಲ, ದಾರ ಸ್ವಲ್ಪ ಭಾರವಾದ ಹಾಗೆ ಅನಿಸುತ್ತದೆ, ಅಷ್ಟೇ. ಝಾಡಿಸಿದರೆ ಬಾಯಿ ಹರಿದು ತಪ್ಪಿಸಿಕೊಳ್ಳುತ್ತದೆ. ಸುಮ್ಮನೆ ಸುತ್ತಿಕೊಳ್ಳಿ.

ಎಚ್ಚರಿಕೆ, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ನಂಗು ಇರುವ ಕೆಸರಿನಲ್ಲೇ ತೊರಕೆಯೂ (ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು) ಮಲಗಿರುತ್ತದೆ. ಹೆಜ್ಜೆ ಎತ್ತಿ ಇಡಬೇಡಿ, ಪಾದವನ್ನು ನೆಲಕ್ಕೆ ಉಜ್ಜುತ್ತಾ ನಡೆಯಿರಿ, ತೊರಕೆ ತಾನೇ ಸರಿದು ಹೋಗುತ್ತದೆ. ಬಲೆಯಿಂದ ಮೀನು ಬಿಡಿಸುವಾಗ ನೋಡದೆ ಕೈ ಹಾಕಬೇಡಿ. ಶೇಡಿ ಅನ್ನುವ ಮೀಸೆ ಮೀನಿನ ಬೆನ್ನಿನದೊಂದು, ಕಿವಿರಿನ ಪಕ್ಕದ ಎರಡು ಮುಳ್ಳು ಚುಚ್ಚಿದರೆ ತೊರಕೆಯಷ್ಟೇ ಉರಿ. ಚುಚ್ಚಿದರೆ ಕೈ ಅಥವಾ ಕಾಲನ್ನು ಸಹಿಸುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಈ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಇನ್ನೊಂದು ಕೈಯಲ್ಲಿ ಮೊದಲು ನೋಡಿ, ಚುಚ್ಚಿದ ಕೈಗೆ ಬಿಸಿಯ ಅಂದಾಜು ಸಿಗುವುದಿಲ್ಲ. ಮುಳ್ಳಿನ ಚೂರು ಒಳಗೆ ಉಳಿದಿದ್ದರೆ, ಎದೆ ಅಥವಾ ಹೊಟ್ಟೆಗೆ ಚುಚ್ಚಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಬೆರಳುದ್ದದ ಮರಿ ನಂಗು ಬಂದರೆ ಜೀವ ಇರುವಾಗಲೇ ನೀರಿಗೆ ಬಿಡಿ. ಅದರಲ್ಲಿ ತಿನ್ನಲಿಕ್ಕೆ ಮುಳ್ಳು ಬಿಟ್ಟರೆ ಏನೂ ಇಲ್ಲ.

ಮಣ್ಣಿನಗಡಿಗೆ:

ಹೊಯ್ಗೆದಂಡೆಯವರೇ, ಹರಿಯುವುದಕ್ಕೂ ಮುರಿಯುವುದಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ: ನೀರು. ನಂಗಿನ ಮಾಂಸ ತೆಳ್ಳಗೆ, ಮೆತ್ತಗೆ, ನೀರು ಕುಡಿಯುವಂಥದ್ದು. ತೊಳೆದು ತೊಳೆದು ನೀರಿನಲ್ಲೇ ಬಿಟ್ಟರೆ ಮುಂದೆ ಏನು ಮಾಡಿದರೂ ಒಡೆಯುತ್ತದೆ.

ಸಿಪ್ಪೆಯಿಂದ ಶುರು ಮಾಡೋಣ. ಮೀನು ತಂದ ಕೂಡಲೇ ಎಳೆಯಲಿಕ್ಕೆ ಕೂರಬೇಡಿ, ಪೇಟೆಯಿಂದ ಬರುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಪುಡಿ ಮಂಜುಗಡ್ಡೆಯ ಮಧ್ಯೆ ಅರ್ಧ ಗಂಟೆ ಇಡಿ, ಹಿಡಿದರೆ ಬಾಗದಷ್ಟು ಬಿಗಿಯಾಗಬೇಕು. ಪೂರ್ತಿ ಹೆಪ್ಪುಗಟ್ಟಿಸಿ ಕರಗಿಸಿದ ನಂಗು ಇದಕ್ಕೆ ಆಗುವುದಿಲ್ಲ. ಅದರ ಮಾಂಸ ಸಿಪ್ಪೆಯ ಜೊತೆಗೇ ಏಳುತ್ತದೆ, ನಿಮ್ಮದು ಹರಿಯುತ್ತಿರುವುದಕ್ಕೆ ಅದೂ ಕಾರಣ ಇರಬಹುದು.

ಹಲಗೆಯ ಮೇಲೆ ಕಂದು ಬದಿ ಮೇಲೆ ಬರುವ ಹಾಗೆ ಇಡಿ. ತಲೆಯನ್ನು ನೇರವಾಗಿ ಕಡಿಯಬೇಡಿ. ಕಣ್ಣಿನ ಹಿಂದಿನಿಂದ ಹೊಟ್ಟೆಯ ಕಡೆಗೆ ಓರೆಯಾಗಿ ಕೊಯ್ಯಿರಿ. ನಂಗಿನ ಕರುಳೆಲ್ಲ ತಲೆಗೆ ಅಂಟಿಕೊಂಡ ಸಣ್ಣ ಚೀಲದಲ್ಲಿ ಇರುತ್ತದೆ, ಓರೆ ಕೊಯ್ದರೆ ತಲೆಯ ಜೊತೆಗೇ ಚೀಲ ಇಡಿಯಾಗಿ ಬರುತ್ತದೆ. ಈಗ ಕೊಯ್ದ ಅಂಚಿನಲ್ಲಿ ಉಗುರಿನಿಂದ ಸಿಪ್ಪೆಯನ್ನು ಒಂದು ಇಂಚು ಬಿಡಿಸಿ. ಬೆರಳಿಗೆ ಕಲ್ಲುಪ್ಪು ಅಥವಾ ಒಲೆಯ ಬೂದಿ ಹಚ್ಚಿಕೊಳ್ಳಿ, ಅದಿಲ್ಲದೆ ಲೋಳೆಗೆ ಹಿಡಿತವೇ ಸಿಗುವುದಿಲ್ಲ. ಎಡಗೈಯಿಂದ ಮಾಂಸವನ್ನು ಹಲಗೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಸಿಪ್ಪೆಯನ್ನು ಬಾಲದ ಕಡೆಗೆ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ಹರಿಯುತ್ತದೆ. ಸಿಪ್ಪೆ ತನ್ನ ಮೇಲೇ ಮಡಚಿಕೊಂಡು, ಮೀನಿಗೆ ತಾಗಿಯೇ ಹಿಂದಕ್ಕೆ ಹೋಗಬೇಕು. ಸರಿಯಾಗಿ ಬಂದರೆ ಒದ್ದೆ ಬಟ್ಟೆ ಹರಿದಂಥ ಸಣ್ಣ ಸದ್ದು ಬರುತ್ತದೆ, ಕೆಳಗೆ ನಸುಗೆಂಪು ಗೆರೆಗಳಿರುವ ಬಿಳಿ ಮಾಂಸ ಗಾಯವಿಲ್ಲದೆ ಕಾಣುತ್ತದೆ. ಎಲ್ಲಾದರೂ ಮಾಂಸ ಏಳುತ್ತಿದೆ ಅನಿಸಿದರೆ ಅಲ್ಲೇ ನಿಲ್ಲಿಸಿ, ಬಾಲದಿಂದ ತಲೆಯ ಕಡೆಗೆ ಶುರು ಮಾಡಿ, ನಡುವೆ ಸೇರಿಸಿ.

ಬಿಳಿ ಬದಿಯ ಸಿಪ್ಪೆ ಎಳೆಯಬೇಡಿ. ಚಾಕುವಿನ ಬೆನ್ನಿನಿಂದ ಹುರುಪೆ ಮಾತ್ರ ಹೆರೆಯಿರಿ. ಕಾವಲಿಯಲ್ಲಿ ಮೀನು ಒಡೆಯದ ಹಾಗೆ ಹಿಡಿದಿಡುವುದು ಆ ತೆಳು ಸಿಪ್ಪೆಯೇ. ಕೊನೆಗೆ ಎರಡೂ ಅಂಚಿನ ರೆಕ್ಕೆಯನ್ನು ಕತ್ತರಿಯಿಂದ ಬಾಲದಿಂದ ತಲೆಯ ಕಡೆಗೆ ಕತ್ತರಿಸಿ.

ಕೆಸರಿನ ವಾಸನೆ ಬರುವುದು ಮಾಂಸದಿಂದಲ್ಲ. ನಂಗು ತಿನ್ನುವುದೇ ತಳದ ಹುಳ, ಕರುಳಲ್ಲಿ ಕೆಸರು ಇರುತ್ತದೆ. ಚೀಲ ಒಡೆದು ಒಳಗೆ ಹರಡಿದರೆ, ಅಥವಾ ಮೇಲಿನ ಲೋಳೆಯನ್ನು ತೊಳೆಯದೆ ಸಿಪ್ಪೆ ಎಳೆದು ಅದೇ ಕೈಯಲ್ಲಿ ಮಾಂಸ ಮುಟ್ಟಿದರೆ ಆ ವಾಸನೆ. ಹಾಗಾಗಿ ಕೊಯ್ಯುವ ಮೊದಲೇ ಇಡೀ ಮೀನನ್ನು ಕಲ್ಲುಪ್ಪು ಹಾಕಿ ಉಜ್ಜಿ ಲೋಳೆ ತೆಗೆಯಿರಿ. ಸಿಪ್ಪೆ ತೆಗೆದ ಮೇಲೆ ಹೊಟ್ಟೆಯ ಜಾಗದಲ್ಲಿ ಬೆನ್ನೆಲುಬಿಗೆ ಅಂಟಿದ ಕಪ್ಪು ರಕ್ತವನ್ನು ಹೆಬ್ಬೆರಳಿನಿಂದ ತಿಕ್ಕಿ. ಆಮೇಲೆ ಒಂದೇ ಸಲ, ಬೇಗ ತೊಳೆದು, ತೂತಿನ ಪಾತ್ರೆಯಲ್ಲಿ ಹತ್ತು ನಿಮಿಷ ಸೋರಲು ಬಿಡಿ, ಬಟ್ಟೆಯಿಂದ ಒತ್ತಿ ಒರೆಸಿ. ಮೊಟ್ಟೆ ಇದ್ದರೆ ಎಸೆಯಬೇಡಿ. ಅದು ಚೀಲದ ಹಿಂದೆ ಮಾಂಸದ ಒಳಕ್ಕೆ ಉದ್ದಕ್ಕೆ ಹೋಗಿರುತ್ತದೆ, ಅಲ್ಲೇ ಇದ್ದು ಬೇಯಲಿ.

ಹುರಿಯುವುದು. ಅರ್ಧ ಕೆಜಿಗೆ ಹದಿನೈದಿಪ್ಪತ್ತು ಬರುವ ಗಾತ್ರಕ್ಕೆ: ಬ್ಯಾಡಗಿ ಪುಡಿ ಒಂದೂವರೆ ದೊಡ್ಡ ಚಮಚ, ಅರಿಶಿನ ಕಾಲು ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಅರ್ಧ, ಉಪ್ಪು ಮುಕ್ಕಾಲು ಚಿಕ್ಕ ಚಮಚ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಗಟ್ಟಿ ಹುಣಸೆ ರಸ ಒಂದು ಚಿಕ್ಕ ಚಮಚ. ನೀರು ಹಾಕಬೇಡಿ, ಮಸಾಲೆ ಬೆರಳಿಗೆ ಅಂಟುವಷ್ಟು ಗಟ್ಟಿ ಇರಬೇಕು. ಹಚ್ಚಿ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಅಂಜಲ್ ಮೀನಿನ ತುಂಡಿಗೆ ಎರಡು ಗಂಟೆ ಇಡುವ ಅಭ್ಯಾಸ ಇಲ್ಲಿ ನಡೆಯದು, ಉಪ್ಪು ನೀರೆಳೆಯುತ್ತದೆ, ಹುಳಿ ಮಾಂಸವನ್ನು ಹಿಟ್ಟು ಮಾಡುತ್ತದೆ. ಕಾವಲಿಗೆ ಹಾಕುವ ಕ್ಷಣದಲ್ಲಿ ಸಣ್ಣ ರವೆಯಲ್ಲಿ ಒತ್ತಿ. ಮೊದಲೇ ಒತ್ತಿಟ್ಟರೆ ರವೆ ನೆನೆದು ಕಳಚುತ್ತದೆ.

ಕಬ್ಬಿಣದ ಕಾವಲಿ ಹೊಗೆ ಬರುವ ತನಕ ಕಾಯಲಿ, ಆಮೇಲೆ ತೆಂಗಿನೆಣ್ಣೆ ಮೂರು ದೊಡ್ಡ ಚಮಚ, ಉರಿ ಮಧ್ಯಮ. ಬಿಳಿ ಬದಿ ಮೊದಲು ಕೆಳಗೆ. ಒಂದಕ್ಕೊಂದು ತಾಗದ ಹಾಗೆ ನಾಲ್ಕೈದು ಮಾತ್ರ ಇಡಿ. ಇಟ್ಟ ಮೇಲೆ ಮುಟ್ಟಬೇಡಿ, ಮುಚ್ಚಬೇಡಿ. ಎರಡೂವರೆ ನಿಮಿಷಕ್ಕೆ ಅಂಚು ಕೆಂಪಾಗಿ, ಕಾವಲಿ ಅಲುಗಿಸಿದರೆ ಮೀನು ತಾನೇ ಜಾರುತ್ತದೆ. ಜಾರದಿದ್ದರೆ ಇನ್ನೂ ಅರ್ಧ ನಿಮಿಷ. ಅಗಲ ಸಟ್ಟುಗವನ್ನು ತಲೆಯ ಕಡೆಯಿಂದ ಪೂರ್ತಿ ಅಡಿಗೆ ತೂರಿಸಿ ಒಮ್ಮೆ ಮಗುಚಿ. ಇನ್ನೊಂದು ಬದಿಗೆ ಎರಡು ನಿಮಿಷ ಸಾಕು.

ಬಂದರುಪೇಟೆ:

ಮಣ್ಣಿನಗಡಿಗೆ ಅಕ್ಕ ಹೇಳಿದ್ದು ಹುರಿಯಲಿಕ್ಕೆ ಸರಿ. ಆದರೆ ಸಾರಿಗೆ ಹಾಕುವುದಾದರೆ ಬಿಳಿ ಬದಿಯ ಸಿಪ್ಪೆಯನ್ನೂ ತೆಗೆಯಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂದಾಗ ಆ ಸಿಪ್ಪೆ ಸುರುಟಿ ಮೀನನ್ನೇ ಬಾಗಿಸುತ್ತದೆ, ಬಾಗಿದಲ್ಲಿ ಮುರಿಯುತ್ತದೆ. ಎಷ್ಟು ಹೆರೆದರೂ ಉಳಿದ ಹುರುಪೆ ರಸಕ್ಕೆ ಬಂದು ಹಲ್ಲಿಗೆ ಸಿಗುತ್ತದೆ.

ಕೊಳ್ಳುವಾಗ: ಕಂದು ಬದಿ ನೋಡಿ ಏನೂ ತಿಳಿಯದು, ಮೀನನ್ನು ಮಗುಚಿ. ಬಿಳಿ ಬದಿ ಹಾಲಿನ ಬಿಳಿ ಅಥವಾ ನಸುಗೆಂಪು ಇದ್ದರೆ ತಾಜಾ. ಹಳದಿ ತಿರುಗಿದ್ದರೆ, ತಲೆಯ ಹಿಂದೆ ಹೊಟ್ಟೆಯ ಜಾಗ ಕಂದಿದ್ದರೆ ಅಥವಾ ಒಡೆದಿದ್ದರೆ ಬೇಡ. ಲೋಳೆ ಇರುವುದು ಕೆಟ್ಟದ್ದಲ್ಲ, ತಿಳಿಯಾಗಿರಬೇಕು, ಮಂಕಾಗಿ ಎಳೆ ಎಳೆಯಾಗಬಾರದು. ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟಿನ ನಂಗಿಗೂ, ವಾರಗಟ್ಟಲೆ ಸಮುದ್ರದಲ್ಲಿದ್ದು ಬರುವ ಬೋಟಿನದಕ್ಕೂ ಅಜಗಜಾಂತರ. ರಾಶಿಯ ಅಡಿಯಲ್ಲಿ ಒತ್ತಿದ ಮೀನಿನ ಹೊಟ್ಟೆ ಮೊದಲು ಹೋಗುತ್ತದೆ. ಮಲ್ಪೆ, ಮಂಗಳೂರು ಧಕ್ಕೆಯಲ್ಲಿ ಯಾವ ಬೋಟಿನದು ಅಂತ ಕೇಳಿಯೇ ತೆಗೆದುಕೊಳ್ಳಿ, ಕೇಳಿದರೆ ಹೇಳುತ್ತಾರೆ.

ನಂಗಿಗೆ ಹೆಚ್ಚು ಒಪ್ಪುವುದು ತೆಂಗಿನಕಾಯಿ ಹಾಕದ ಪುಳಿಮುಂಚಿ, ಅಂದರೆ ಹುಳಿ-ಮೆಣಸಿನ ಸಾರು. ಅರ್ಧ ಕೆಜಿಗೆ ಬ್ಯಾಡಗಿ ಹನ್ನೆರಡು, ಖಾರದ ಗಿಡ್ಡ ಮೆಣಸು ಮೂರು, ಕೊತ್ತಂಬರಿ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಚಿಕ್ಕ ಚಮಚ, ಕಾಳುಮೆಣಸು ಎಂಟು, ಮೆಂತೆ ಹತ್ತು ಹನ್ನೆರಡು ಕಾಳು, ಓಮ ಒಂದು ಚಿಟಿಕೆ. ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಗಡಿಗೆ ಕಹಿ. ದೊಡ್ಡ ನಿಂಬೆಯಷ್ಟು ಹುಣಸೆ, ಆರು ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ, ಅರಿಶಿನ ಸೇರಿಸಿ ನುಣ್ಣಗೆ ಅರೆಯಿರಿ.

ಮಸಾಲೆಯನ್ನು ಮೊದಲು ಒಂಟಿಯಾಗಿ ಕುದಿಸಬೇಕು, ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು ಹಾಕಿ ಹತ್ತು ನಿಮಿಷ. ಹಸಿ ವಾಸನೆ ಹೋಗಿ, ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳು ಆಗಬೇಕು, ಯಾಕೆಂದರೆ ಮೀನೂ ನೀರು ಬಿಡುತ್ತದೆ. ಆಮೇಲೆ ನಂಗನ್ನು ಒಂದರ ಮೇಲೊಂದು ಎರಡು ಪದರಕ್ಕಿಂತ ಹೆಚ್ಚಾಗದ ಹಾಗೆ ಮಲಗಿಸಿ. ಸೌಟು ಹಾಕಲೇಬೇಡಿ, ಗಡಿಗೆಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ. ನಾಲ್ಕು ನಿಮಿಷಕ್ಕೆ ಒಲೆ ಆರಿಸಿ. ಮಣ್ಣಿನ ಗಡಿಗೆಯ ಬಿಸಿಯಲ್ಲೇ ಉಳಿದದ್ದು ಬೇಯುತ್ತದೆ. ಬಂಗುಡೆಯ ಹಾಗೆ ಹತ್ತು ನಿಮಿಷ ಕುದಿಸಿದರೆ ಊಟಕ್ಕೆ ಕೂರುವಾಗ ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ. ಕೊನೆಗೆ ಒಂದು ಚಮಚ ಹಸಿ ತೆಂಗಿನೆಣ್ಣೆ, ಮುಚ್ಚಿ ಒಂದು ಗಂಟೆ ಬಿಡಿ.

ಹೊಯ್ಗೆದಂಡೆ:

ಮೂವರಿಗೂ ತುಂಬಾ ಉಪಕಾರ. ಮಂಜುಗಡ್ಡೆಯಲ್ಲಿಟ್ಟು, ಮಡಚಿ ಎಳೆದಾಗ ಸಿಪ್ಪೆ ಇಡಿಯಾಗಿ ಬಂತು. ಮೊದಲ ಎರಡು ಹರಿಯಿತು, ಉಳಿದದ್ದೆಲ್ಲ ಸರಿ. ಇನ್ನೆರಡು ಪ್ರಶ್ನೆ: ಮಕ್ಕಳಿಗೆ ಕೊಡುವಾಗ ಅಂಚಿನ ಸಣ್ಣ ಮುಳ್ಳಿನ ಭಯ, ಹೇಗೆ ಬಿಡಿಸುವುದು? ಮತ್ತೆ, ಅಗ್ಗವಾಗಿ ಸಿಗುವ ತಿಂಗಳಲ್ಲಿ ಮನೆಯಲ್ಲೇ ಒಣಗಿಸಿ ಇಡಬಹುದೇ?

ಮಣ್ಣಿನಗಡಿಗೆ:

ಮುಳ್ಳಿಗೆ ಹೆದರಬೇಡಿ. ನಂಗಿನ ಮುಳ್ಳು ಎಲ್ಲೆಂದರಲ್ಲಿ ಇಲ್ಲ, ನಡುವೆ ಒಂದು ಬೆನ್ನೆಲುಬು, ಎರಡು ಅಂಚಿನಲ್ಲಿ ಸಾಲಾಗಿ ಸಣ್ಣ ಮುಳ್ಳು. ಹುರಿದ ಮೀನಿನ ಎರಡೂ ಅಂಚನ್ನು, ಸೀರೆಯ ಅಂಚು ಬಿಡಿಸಿದ ಹಾಗೆ, ಕಿರುಬೆರಳಿನ ಅರ್ಧದಷ್ಟು ಅಗಲಕ್ಕೆ ಉದ್ದಕ್ಕೂ ಎಳೆದು ತೆಗೆಯಿರಿ. ಮುಳ್ಳಿನ ಸಾಲು ಅದರಲ್ಲೇ ಬರುತ್ತದೆ. ಗರಿಗರಿಯಾದ ಆ ಅಂಚನ್ನು ದೊಡ್ಡವರು ಅಗಿದು ತಿನ್ನಬಹುದು. ಆಮೇಲೆ ನಡುವಿನ ಗೆರೆಯಿಂದ ಮಾಂಸವನ್ನು ಎರಡು ಕಡೆಗೆ ಸರಿಸಿ, ಬೆನ್ನೆಲುಬನ್ನು ಬಾಲದ ಕಡೆಯಿಂದ ಎತ್ತಿ. ಬಾಚಣಿಗೆಯ ಹಾಗೆ ಒಟ್ಟಿಗೇ ಏಳುತ್ತದೆ. ಕೆಳಗಿನ ಮಾಂಸ ಮಗುವಿಗೆ. ಕೊಡುವ ಮೊದಲು ಬೆರಳಿನಿಂದ ಒಮ್ಮೆ ಒತ್ತಿ ನೋಡಿ.

ಉಪ್ಪುನೀರು:

ಒಣ ನಂಗಿನ ಬಗ್ಗೆ ನಾನು ಹೇಳುತ್ತೇನೆ. ಅಕ್ಟೋಬರಿನ ಗುಡುಗುಮಳೆ ನಿಲ್ಲುವ ತನಕ ಕೈ ಹಾಕಬೇಡಿ. ಒಂದು ಸಂಜೆ ನೆನೆದರೆ ಬೂಸಲು, ಮತ್ತೆ ಒಣಗಿಸಿದರೂ ವಾಸನೆ ಹೋಗುವುದಿಲ್ಲ. ನವೆಂಬರಿನಿಂದ ಬಿಸಿಲು ನಂಬಬಹುದು.

ಒಣಗಿಸಲಿಕ್ಕೆ ಸಿಪ್ಪೆ ಎಳೆಯಬೇಕಾಗಿಲ್ಲ. ತಲೆ ಕರುಳು ತೆಗೆದು ತೊಳೆದು, ನಾಲ್ಕು ಕೆಜಿ ಮೀನಿಗೆ ಒಂದು ಕೆಜಿ ಕಲ್ಲುಪ್ಪು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮೀನು, ಮೇಲೆ ತಟ್ಟೆ ಮುಚ್ಚಿ ಕಲ್ಲಿನ ಭಾರ. ಒಂದು ರಾತ್ರಿ ಸಾಕು, ಬಿಟ್ಟ ನೀರು ಮೀನಿಗಿಂತ ಮೇಲೆ ನಿಂತಿರುತ್ತದೆ. ಬೆಳಿಗ್ಗೆ ಅದೇ ಉಪ್ಪುನೀರಿನಲ್ಲಿ ಜಾಲಾಡಿಸಿ ತೆಗೆಯಿರಿ, ಸಿಹಿನೀರು ತಾಗಿಸಬೇಡಿ. ನೆಲದಿಂದ ಎರಡು ಅಡಿ ಎತ್ತರದಲ್ಲಿ ಹಳೆಯ ಬಲೆ ಬಿಗಿದು ಅದರ ಮೇಲೆ ಹರಡಿ, ಗಾಳಿ ಎರಡೂ ಕಡೆಯಿಂದ ಆಡಬೇಕು. ಹೊಯ್ಗೆಯ ಮೇಲೆ ಹಾಸಿದರೆ ಆ ಹೊಯ್ಗೆ ಆಮೇಲೆ ಚಟ್ನಿಯಲ್ಲಿ ಹಲ್ಲಿಗೆ ಸಿಗುತ್ತದೆ. ನೊಣ ಬಾರದ ಹಾಗೆ ತೆಳು ಬಲೆ ಮುಚ್ಚಿ, ದಿನಕ್ಕೆ ಎರಡು ಸಲ ಮಗುಚಿ, ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತನ್ನಿ. ತೆಳು ಮೀನಾದ್ದರಿಂದ ಮೂರು ಬಿಸಿಲಿಗೆ ಆಗುತ್ತದೆ. ಮಡಚಿದರೆ ಬಾಗದೆ ಫಟ್ ಅಂತ ಮುರಿಯಬೇಕು. ಬೆನ್ನೆಲುಬಿನ ಹತ್ತಿರ ಮೆತ್ತಗಿದ್ದರೆ ಇನ್ನೊಂದು ಬಿಸಿಲು. ಪೂರ್ತಿ ತಣಿದ ಮೇಲೆ ಮಾತ್ರ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ.

ಚಟ್ನಿಗೆ ಎಂಟು ಒಣ ನಂಗು ತೆಗೆದುಕೊಳ್ಳಿ. ಹತ್ತು ನಿಮಿಷ ನೀರಿನಲ್ಲಿಟ್ಟು ಉಪ್ಪು ಇಳಿಸಿ, ಒರೆಸಿ, ಕೆಂಡದ ಮೇಲೆ ಅಥವಾ ಒಣ ಕಾವಲಿಯಲ್ಲಿ ಸುಡಿ. ಈಗ ಕಂದು ಸಿಪ್ಪೆ ಗುಳ್ಳೆ ಎದ್ದು ತಾನೇ ಬಿಡುತ್ತದೆ, ಉಜ್ಜಿ ತೆಗೆದು ಮೀನನ್ನು ಚೂರು ಮಾಡಿ. ಅರ್ಧ ತೆಂಗಿನಕಾಯಿ ತುರಿ, ಸುಟ್ಟ ಬ್ಯಾಡಗಿ ಆರು, ಗೋಲಿಯಷ್ಟು ಹುಣಸೆ, ಬೆಳ್ಳುಳ್ಳಿ ಮೂರು ಎಸಳು, ಇಷ್ಟನ್ನು ನೀರು ಮುಟ್ಟಿಸದೆ ತರಿತರಿಯಾಗಿ ಅರೆದು, ಕೊನೆಗೆ ಮೀನು ಹಾಕಿ ಎರಡು ಸುತ್ತು ತಿರುಗಿಸಿ ನಿಲ್ಲಿಸಿ. ಉಪ್ಪನ್ನು ರುಚಿ ನೋಡಿದ ಮೇಲೆ ಮಾತ್ರ ಹಾಕಿ, ಹೆಚ್ಚಿನ ಸಲ ಬೇಕಾಗುವುದಿಲ್ಲ. ಕುಚ್ಚಲಕ್ಕಿ ಗಂಜಿಗೆ ಆ ದಿನವೇ ಮುಗಿಸಿ, ತೆಂಗಿನಕಾಯಿ ಇರುವುದರಿಂದ ಮರುದಿನಕ್ಕೆ ನಿಲ್ಲುವುದಿಲ್ಲ.